ಕೋಳಿ ಕಂಪನಿಯದು, ಶೆಡ್ ನಮ್ಮದು. ನಷ್ಟ ಯಾರದ್ದು?

ಶಿಡ್ಲಘಟ್ಟದ ಶೆಡ್

ಮೊನ್ನೆ ಪಕ್ಕದ ಊರಿನಲ್ಲಿ ಒಬ್ಬರು ಶೆಡ್ಡಿನ ಶೀಟು ಬಿಚ್ಚಿ ಮಾರುತ್ತಿದ್ದರು. ಒಂಬತ್ತು ವರ್ಷ ಕೋಳಿ ಸಾಕಿದವರು. ಶೀಟು ಎಣಿಸಿ ಲಾರಿಗೆ ಹಾಕುವಾಗ ಅವರು ಒಂದು ಮಾತೂ ಆಡಲಿಲ್ಲ. ಮನೆಗೆ ಬಂದರೂ ಅದೇ ಕಣ್ಣಮುಂದೆ ಬರುತ್ತಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನದು 5,000 ಬ್ರಾಯ್ಲರ್, ಅಂದರೆ ಮಾಂಸದ ಕೋಳಿಯ ಶೆಡ್. ಕಂಪನಿಗೆ ಸಾಕಿಕೊಡುತ್ತೇನೆ. ಮರಿ, ಫೀಡ್, ಔಷಧಿ ಅವರದು. ಜಾಗ, ಶೆಡ್, ಕರೆಂಟು, ನೀರು, ಹೊಟ್ಟು, ಆಳು ಎಲ್ಲ ನಮ್ಮದು. ನಮಗೆ ಸಿಗುವುದು ಕೆ.ಜಿ. ಲೆಕ್ಕದ ಸಾಕಣೆ ಕೂಲಿ. ಈ ಲೆಕ್ಕ ಗೊತ್ತಿಲ್ಲದವರಿಗಾಗಿ ನನ್ನ ಹೋದ ಬ್ಯಾಚಿನದ್ದೇ ಹೇಳುತ್ತೇನೆ.

5,000 ಮರಿ ಇಳಿಸಿದರು. 200 ಸತ್ತವು. ಉಳಿದ 4,800 ಸರಾಸರಿ 2.1 ಕೆ.ಜಿ. ತೂಗಿದವು. ಒಟ್ಟು 10,080 ಕೆ.ಜಿ. ಕೆ.ಜಿ.ಗೆ 7 ರೂಪಾಯಿಯಂತೆ 70,560 ಬಂತು. ಖರ್ಚಿನಲ್ಲಿ ಭತ್ತದ ಹೊಟ್ಟು 9,000, ಗಂಡ ಹೆಂಡತಿ ಆಳುಗಳಿಗೆ 24,000, ಮರಿಗೆ ಕಾವು ಕೊಡುವ (ಬ್ರೂಡಿಂಗ್) ಇದ್ದಿಲು 7,500, ಕರೆಂಟು 5,500, ತೊಳೆಯೋದು ಸುಣ್ಣ ಔಷಧಿ ಸೇರಿ 3,000. ಒಟ್ಟು 49,000. ಕೈಯಲ್ಲಿ ಉಳಿದಿದ್ದು 21,560. ಶೆಡ್ ಖಾಲಿ ಬಿಡುವ ದಿನವೂ ಸೇರಿದರೆ ಒಂದು ಬ್ಯಾಚಿಗೆ ಎರಡು ತಿಂಗಳು. ಬ್ಯಾಂಕಿನ ಕಂತು ತಿಂಗಳಿಗೆ 11,000. ಅಲ್ಲಿಗೆ ಮುಗಿಯಿತು. ಕೊನೆಗೆ ಕೋಳಿ ಗೊಬ್ಬರ ಮಾರಿದ 10,000 ರೂಪಾಯಿ ಇದೆಯಲ್ಲ, ಅದೇ ನಮ್ಮ ಲಾಭ.

ಇದು ಎಲ್ಲ ಸರಿ ಹೋದಾಗಿನ ಲೆಕ್ಕ. 2025ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಹಕ್ಕಿಜ್ವರ ಕಾಣಿಸಿತು. ನಮ್ಮ ಸುತ್ತಮುತ್ತ ಯಾವ ಶೆಡ್ಡಿನಲ್ಲೂ ಕಾಯಿಲೆ ಇರಲಿಲ್ಲ. ಆದರೂ ನನ್ನ ಶೆಡ್ಡಿಗೆ 74 ದಿನ ಮರಿ ಇಳಿಸಲಿಲ್ಲ. ಕೇಳಿದರೆ ಮಾರ್ಕೆಟ್ ಸರಿಯಿಲ್ಲ, ಕಾಯಿರಿ ಅಂದರು. ಬ್ಯಾಂಕು ಕಾಯಲಿಲ್ಲ. ಕೋಳಿ ಸತ್ತಿಲ್ಲ, ಹಾಗಾಗಿ ಸರ್ಕಾರದ ಪುಸ್ತಕದಲ್ಲಿ ನನಗೆ ನಷ್ಟವೇ ಆಗಿಲ್ಲ. ಸತ್ತಿದ್ದರೂ ಕೋಳಿ ನನ್ನದಲ್ಲ.

ನನ್ನ ಪ್ರಶ್ನೆ ಇಷ್ಟೇ. ಕೋಳಿ ಸಾಕಣೆಗೆ ನೀತಿ ಮಾಡುವವರು ಕೋಳಿಯನ್ನು ಎಣಿಸುತ್ತಾರೆ, ಕಂಪನಿಯನ್ನು ಮಾತಿಗೆ ಕರೆಯುತ್ತಾರೆ. ಬೆಳಗ್ಗೆ ನಾಲ್ಕಕ್ಕೆ ಎದ್ದು ಪರದೆ ಎತ್ತುವವನು ಯಾವ ಕಾಗದದಲ್ಲಿದ್ದಾನೆ? ಗೊತ್ತಿರುವವರು ದಯವಿಟ್ಟು ಹೇಳಿ.

ನಿವೃತ್ತ ಪಶುವೈದ್ಯ

ನಿಮ್ಮ ನೋವು ನಿಜ. ಕಾನೂನಿನ ಕಡೆಯಿಂದ ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ನಮ್ಮ ದೇಶದಲ್ಲಿ ತೀವ್ರ ಹಕ್ಕಿಜ್ವರಕ್ಕೆ ಲಸಿಕೆ ಹಾಕಲು ಬಿಟ್ಟಿಲ್ಲ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಮೊದಲ ಸಲ ಬಂದಾಗಿನಿಂದ ಒಂದೇ ದಾರಿ: ಪತ್ತೆ ಹಚ್ಚು, ಸುತ್ತಲಿನ ಕೋಳಿ ಕೊಂದು ಹೂಳು. ಮಾದರಿ ಭೋಪಾಲದ ಪ್ರಯೋಗಾಲಯಕ್ಕೆ ಹೋಗಿ ಬರಬೇಕು. ಹಾಗೆ ಕೊಂದ ಕೋಳಿಗೆ, ನಾಶ ಮಾಡಿದ ಮೊಟ್ಟೆಗೆ, ಮೇವಿಗೆ ಪರಿಹಾರ ಇದೆ. ಕೇಂದ್ರ ಅರ್ಧ, ರಾಜ್ಯ ಅರ್ಧ. ಆದರೆ ಕಾಯಿಲೆಯಿಂದ ತಾನಾಗಿ ಸತ್ತ ಕೋಳಿಗೆ ಇಲ್ಲ. ಬೇಗ ತಿಳಿಸಲಿ ಅಂತ ಹಾಗೆ ಮಾಡಿದ್ದು. ಅದರಲ್ಲಿ ಅರ್ಥವಿದೆ. ಖಾಲಿ ಬಿದ್ದ ಶೆಡ್ಡಿಗೆ, ಹೋದ ಸಾಕಣೆ ಕೂಲಿಗೆ ಮಾತ್ರ ಅದರಲ್ಲಿ ಒಂದು ಸಾಲೂ ಇಲ್ಲ. ನೀವು ಹೇಳಿದ್ದು ಸರಿ.

ಇನ್ನೊಂದು ವಿಷಯ ಗಮನಿಸಿ. 2025ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಎಲ್ಲ ಕೋಳಿ ಫಾರಂಗಳೂ ರಾಜ್ಯದ ಪಶುಪಾಲನಾ ಇಲಾಖೆಯಲ್ಲಿ ನೋಂದಣಿ ಮಾಡಿಸಬೇಕು ಅಂತ ಹೇಳಿತು. ಸಾಕುವವರು ಸುಮ್ನೆ ಬಿಡಬೇಡಿ. ನೋಂದಣಿ ನಿಮ್ಮ ಹೆಸರಲ್ಲಿ ಇರಲಿ. ನಾಳೆ ಪರಿಹಾರದ ಮಾತು ಬಂದಾಗ ನೀವು ಅಲ್ಲಿ ಇದ್ದಿರಿ ಅನ್ನುವುದಕ್ಕೆ ಅದೊಂದೇ ಸಾಕ್ಷಿ.

2012ರಲ್ಲಿ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಕೇಂದ್ರಕ್ಕೇ ಹಕ್ಕಿಜ್ವರ ಬಂತು. ಮೊದಲು ಟರ್ಕಿ ಕೋಳಿಗಳಲ್ಲಿ ಕಾಣಿಸಿತು. ಬೇಲಿ, ಗೇಟು, ತರಬೇತಾದ ಜನ ಎಲ್ಲ ಇದ್ದ ಜಾಗ ಅದು. ಅಲ್ಲಿಗೇ ಬಂದ ಮೇಲೆ ಸಣ್ಣ ರೈತನ ಶೆಡ್ಡಿಗೆ ಬಂದರೆ ಅವನ ಅಜಾಗರೂಕತೆ ಅಂತ ಬೊಟ್ಟು ಮಾಡುವುದು ಸರಿಯಲ್ಲ.

ತಿಪಟೂರು ಅಕ್ಕ

ಅಣ್ಣ, ನಿಮ್ಮ ಲೆಕ್ಕದಲ್ಲಿ ಒಂದು ಸಾಲು ಬಿಟ್ಟಿದ್ದೀರಿ. ಮನೆಯವರ ಕೂಲಿ. ನಮ್ಮ ಶೆಡ್ಡಿಗೆ ಆಳಿಲ್ಲ. ನಾನೇ.

ಬಿಸಿಲಿನ ವಿಷಯ ಯಾರೂ ಎತ್ತಲಿಲ್ಲ, ಅದಕ್ಕೆ ಬರೆಯುತ್ತೇನೆ. 2024ರ ಏಪ್ರಿಲ್ ಕೊನೆಯ ವಾರ. ನಮ್ಮ ಕೋಳಿಗೆ 38ನೇ ದಿನ. ಎರಡು ಕೆ.ಜಿ. ಹತ್ತಿರ ಬಂದಿದ್ದವು. ಮಧ್ಯಾಹ್ನ ಎರಡು ಗಂಟೆಗೆ ಕರೆಂಟು ಹೋಯಿತು. ಮಂಜಿನ ಹಾಗೆ ನೀರು ಚಿಮ್ಮಿಸಿ ತಂಪು ಮಾಡುವ ಫಾಗರ್ ನಿಂತಿತು. ಕೋಳಿ ಸಾಕಿದವರಿಗೆ ಗೊತ್ತು, ಶೆಡ್ ಅಂದರೆ ಯಾವಾಗಲೂ ಸದ್ದು ಇರುತ್ತದೆ. ಅವತ್ತು ಸದ್ದು ನಿಂತುಹೋಯಿತು. ಎಲ್ಲ ಕೋಳಿಗಳೂ ರೆಕ್ಕೆ ಅಗಲಿಸಿ, ಬಾಯಿ ತೆರೆದು, ಕುತ್ತಿಗೆ ಚಾಚಿ ಕೂತಿದ್ದವು. ನಾನು, ನನ್ನ ಮಗಳು ಬಕೆಟ್ಟಿನಲ್ಲಿ ನೀರು ತಂದು ಛಾವಣಿಗೆ ಎರಚಿದೆವು. ಕೂತ ಕೋಳಿಗಳನ್ನು ಮೆಲ್ಲಗೆ ಎಬ್ಬಿಸುತ್ತಾ ನಡೆದೆವು. ಕೂತರೆ ಹೊಟ್ಟೆಯ ಕೆಳಗಿನ ಬಿಸಿ ಹೊರಗೆ ಹೋಗಲ್ಲ. ಸಂಜೆಗೆ 312 ಎಣಿಸಿ ಗುಂಡಿಗೆ ಹಾಕಿದೆವು.

ಆಮೇಲೆ ಬಿಲ್ಲಿನಲ್ಲಿ ಏನಾಯಿತು ಗೊತ್ತಾ? ಸಾವು 5 ಪರ್ಸೆಂಟ್ ದಾಟಿದೆ ಅಂತ ಸಾಕಣೆ ಕೂಲಿ ಕಡಿತ. ಬಿಸಿಲನ್ನೂ ನಾವೇ ತಂದ ಹಾಗೆ.

ಒಪ್ಪಂದದ ಕಾಗದ ಇಂಗ್ಲಿಷಿನಲ್ಲಿದೆ. ಯಜಮಾನರು ಸಹಿ ಮಾಡಿದ್ದಾರೆ. ಜೊತೆಗೆ ಖಾಲಿ ಚೆಕ್ ಎರಡು ಕೊಟ್ಟಿದ್ದೇವೆ. ಪ್ರತಿ ಕೇಳಿದರೆ ಆಫೀಸಿನಲ್ಲಿದೆ ಅನ್ನುತ್ತಾರೆ.

ಊರಿಗೆ ವಾಪಸ್

ಬೆಂಗಳೂರಲ್ಲಿ ಕೆಲಸ ಬಿಟ್ಟು ಊರಲ್ಲಿ 10,000 ಕೋಳಿಯ ಶೆಡ್ ಹಾಕೋಣ ಅಂತಿದ್ದೆ. ಇದನ್ನು ಓದಿ ಭಯವಾಗುತ್ತಿದೆ. ಸಬ್ಸಿಡಿ ಇದೆ ಅಂತ ವಿಡಿಯೋಗಳಲ್ಲಿ ಹೇಳುತ್ತಾರಲ್ಲ? 25 ಲಕ್ಷದವರೆಗೂ ಕೊಡುತ್ತಾರಂತೆ?

ಲೆಕ್ಕ ಪುಸ್ತಕ

ಸಣ್ಣ ಫಾರಂಗಳ ಲೆಕ್ಕ ಬರೆಯುವುದು ನನ್ನ ಕೆಲಸ. ದಯವಿಟ್ಟು ವಿಡಿಯೋ ನಂಬಿ ಹೋಗಬೇಡಿ. ರಾಷ್ಟ್ರೀಯ ಜಾನುವಾರು ಮಿಷನ್ನಿನ ಆ 50 ಪರ್ಸೆಂಟ್ ಸಬ್ಸಿಡಿ, 25 ಲಕ್ಷದ ಮಿತಿಯದು, ನಾಟಿ ಮಾದರಿಯ ಗ್ರಾಮೀಣ ಕೋಳಿಗೆ. ತಾಯಿಕೋಳಿ ಸಾಕಿ, ಮರಿ ಮಾಡಿ, ಹಳ್ಳಿಯವರಿಗೆ ಕೊಡುವ ಘಟಕಕ್ಕೆ. ಒಪ್ಪಂದದ ಬ್ರಾಯ್ಲರ್ ಶೆಡ್ಡಿಗೆ ಅಲ್ಲ. ಕಿಸಾನ್ ಕ್ರೆಡಿಟ್ ಕಾರ್ಡ್ ಮಾತ್ರ 2018-19ರಿಂದ ಪಶುಪಾಲನೆಗೂ ಇದೆ, ಅದರಲ್ಲಿ ಕೋಳಿಯೂ ಸೇರುತ್ತದೆ. ದಿನದ ಖರ್ಚಿಗೆ ಅದನ್ನು ಕೇಳಿ.

ನನ್ನನ್ನು ಕಾಡುವುದು ಬೇರೆ. ಕರ್ನಾಟಕದ ಭೂ ಸುಧಾರಣಾ ಕಾಯ್ದೆ ಕೃಷಿ ಅಂದರೆ ಏನು ಅಂತ ಹೇಳುವ ಕಡೆ ಕೋಳಿ ಸಾಕಣೆಯನ್ನೂ ಸೇರಿಸಿದೆ. ಆದಾಯ ತೆರಿಗೆಗೆ ಬಂದರೆ ಕೋಳಿಯ ಆದಾಯ ಕೃಷಿ ಆದಾಯ ಅಲ್ಲ. ಒಂದೇ ಶೆಡ್, ಒಂದು ಟೇಬಲ್ಲಿನಲ್ಲಿ ರೈತ, ಪಕ್ಕದ ಟೇಬಲ್ಲಿನಲ್ಲಿ ವ್ಯಾಪಾರಿ. ರೈತ ಅಂದಾಗ ಸಿಗುವ ನೆರವೂ ಪೂರ್ತಿ ಇಲ್ಲ, ವ್ಯಾಪಾರಿ ಅಂದಾಗ ಇರಬೇಕಾದ ಬೆಲೆ ಹೇಳುವ ಹಕ್ಕೂ ಇಲ್ಲ. ಒಪ್ಪಂದದ ಸಾಕಣೆದಾರರಿಗೆ ಎರಡೂ ಕಡೆಯ ಭಾರ ಮಾತ್ರ ಬಂದಿದೆ.

ಹೊಸಪೇಟೆ ಲೇಯರ್

ನಾನು ಲೇಯರ್, ಅಂದರೆ ಮೊಟ್ಟೆ ಕೋಳಿ ಸಾಕುವವನು. ಕೋಳಿ, ಮೇವು, ಸಾಲ, ಎಲ್ಲ ನನ್ನದೇ. ಹಾಗಂತ ನೆಮ್ಮದಿ ಜಾಸ್ತಿ ಅಂತ ತಿಳಿಯಬೇಡಿ. ಒಂದು ಕೋಳಿ ದಿನಕ್ಕೆ ಸುಮಾರು 110 ಗ್ರಾಂ ತಿನ್ನುತ್ತದೆ. ಮೊಟ್ಟೆ ಇಟ್ಟರೂ ತಿನ್ನುತ್ತದೆ, ಇಡದಿದ್ದರೂ ತಿನ್ನುತ್ತದೆ. ಮೇವಿನಲ್ಲಿ ಅರ್ಧಕ್ಕಿಂತ ಹೆಚ್ಚು ಮೆಕ್ಕೆಜೋಳ. ಮೊಟ್ಟೆ ದರವನ್ನು ದಿನಾ ಬೆಳಗ್ಗೆ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ, ಅಂದರೆ ಎನ್‌ಇಸಿಸಿ ಹೇಳುತ್ತದೆ. ಜೋಳದ ದರವನ್ನು ಯಾರೂ ನಮಗೆ ಮೊದಲೇ ಹೇಳುವುದಿಲ್ಲ.

2021ರಲ್ಲಿ ಸೋಯಾ ಹಿಂಡಿ ಮುಟ್ಟಲಾಗದ ಹಾಗೆ ಏರಿತು. ಕೊನೆಗೆ ಆಗಸ್ಟ್‌ನಲ್ಲಿ ಕುಲಾಂತರಿ ಸೋಯಾದ 12 ಲಕ್ಷ ಟನ್ ಹಿಂಡಿ ತರಲು ಕೇಂದ್ರ ಒಪ್ಪಿತು. ಅದಕ್ಕೆ ಮೊದಲೇ ನಮ್ಮ ಕಡೆ ಎಷ್ಟೋ ಜನ ಕೋಳಿ ಮಾರಿ ಆಗಿತ್ತು. 2024ರಲ್ಲಿ ಎಥೆನಾಲ್ ಕಾರ್ಖಾನೆಗಳು ಜೋಳಕ್ಕೆ ಇಳಿದವು. ನಾನೇ ಕ್ವಿಂಟಾಲಿಗೆ 2,600 ಕೊಟ್ಟು ತಂದಿದ್ದೇನೆ. ಪೆಟ್ರೋಲಿಗೆ 20 ಪರ್ಸೆಂಟ್ ಎಥೆನಾಲ್ ಬೆರೆಸುವ ಗುರಿ ಇಟ್ಟಾಗ, ಅದೇ ಜೋಳ ತಿನ್ನುವ ಕೋಳಿಗೆ ಏನು ಗತಿ ಅಂತಲೂ ಯೋಚಿಸಬೇಕಿತ್ತು, ಅಲ್ವಾ?

ಜೋಳದಿಂದ ಎಥೆನಾಲ್ ತೆಗೆದ ಮೇಲೆ ಉಳಿಯುವ ಒಣ ಹಿಂಡಿಯಂಥ ಡಿಡಿಜಿಎಸ್ ಅನ್ನು ಮೇವಿಗೆ ಹಾಕಿ ಅನ್ನುತ್ತಾರೆ. ಹಾಕಿದ್ದೇನೆ. ಅಗ್ಗ, ಪ್ರೋಟೀನೂ ಇದೆ. ಆದರೆ ಜೋಳದಲ್ಲಿ ಬೂಷ್ಟಿನ ವಿಷ ಇದ್ದರೆ ಪಿಷ್ಟ ಹೋದ ಮೇಲೆ ಅದೇ ವಿಷ ಮೂರು ಪಟ್ಟು ಗಟ್ಟಿಯಾಗಿ ಅದರಲ್ಲಿ ಉಳಿಯುತ್ತದೆ. ಒಂದು ಲೋಡ್ ಕೆಟ್ಟದ್ದು ಬಂತು. ಕೋಳಿ ಮೊಟ್ಟೆ ಇಡುವುದು ಕುಸಿಯಿತು, ಮೇಲೇಳಲು ತಿಂಗಳು ಬೇಕಾಯಿತು. ತಾಲ್ಲೂಕಿಗೊಂದು ಮೇವು ಪರೀಕ್ಷೆ ಕೇಂದ್ರ ಇದ್ದಿದ್ದರೆ ಆ ಲೋಡ್ ಗೇಟಿನಲ್ಲೇ ವಾಪಸ್ ಹೋಗುತ್ತಿತ್ತು.

ರಾಣೆಬೆನ್ನೂರು ಗೋವಿನಜೋಳ

ನೀವು ಮೆಕ್ಕೆಜೋಳ ಅನ್ನುವುದನ್ನು ನಾವು ಗೋವಿನಜೋಳ ಅಂತೀವಿ. ಬೆಳೆಯುವವನ ಮಾತೂ ಕೇಳಿ.

2018ರಲ್ಲಿ ಈ ಬೆಳೆ ತಿನ್ನುವ ಫಾಲ್ ಸೈನಿಕ ಹುಳು ದೇಶದಲ್ಲಿ ಮೊದಲು ಕಾಣಿಸಿದ್ದು ನಮ್ಮ ಪಕ್ಕದ ಶಿವಮೊಗ್ಗದಲ್ಲಿ. ಅಲ್ಲಿಂದ ಇಲ್ಲಿಗೆ ಔಷಧಿ ಹೊಡೆಯದೆ ಒಂದು ಬೆಳೆ ತೆಗೆದಿಲ್ಲ. ನಿಮಗೆ 2,600 ಜಾಸ್ತಿ ಅನ್ನಿಸಿದ ವರ್ಷವೇ ನಾನು ಮಗಳ ಫೀಸು ಸಾಲವಿಲ್ಲದೆ ಕಟ್ಟಿದ್ದು. ಮರು ವರ್ಷ ಬೆಂಬಲ ಬೆಲೆ 2,400 ಅಂತ ಘೋಷಿಸಿದರು. ಸುಗ್ಗಿಗೆ ನಾನು ಮಾರಿದ್ದು 1,700ಕ್ಕೆ. ನಮ್ಮ ಕಡೆ ರೈತರು ರಸ್ತೆಯಲ್ಲಿ ಕೂತರು. ಆಗ ಕೋಳಿಯವರು ಯಾರೂ ನಮ್ಮ ಪರ ಮಾತಾಡಲಿಲ್ಲ. ಬೆಲೆ ಏರಿದಾಗ ಮಾತ್ರ ಹೊರಗಿನಿಂದ ತರಿಸಿ ಅನ್ನುವುದು ನನಗೆ ನೋವಾಗುತ್ತದೆ.

ಹೊಸಪೇಟೆ ಲೇಯರ್

ಒಪ್ಪಿದೆ. ನಾವು ಮಾತಾಡಬೇಕಿತ್ತು. ನೀವು 1,700ಕ್ಕೆ ಮಾರಿದ ಜೋಳ ನನಗೆ 1,700ಕ್ಕೆ ಸಿಗಲಿಲ್ಲ. ನಡುವೆ ಮೂರು ಕೈ ದಾಟಿತ್ತು. ನೀವು ನೇರ ಕೊಟ್ಟಿದ್ದರೆ 2,100 ಕೊಡುತ್ತಿದ್ದೆ, ಖುಷಿಯಿಂದ. ಆದರೆ ಒಂದು ತೊಂದರೆ ಇದೆ. ತೇವ.

ರಾಣೆಬೆನ್ನೂರು ಗೋವಿನಜೋಳ

ಗೊತ್ತು. ಎಲ್ಲರೂ ಅಲ್ಲೇ ಹಿಡಿಯುತ್ತಾರೆ. 14 ಪರ್ಸೆಂಟ್ ಬೇಕು ಅನ್ನುತ್ತೀರಿ. ಸುಗ್ಗಿಯ ಮಳೆಯಲ್ಲಿ ನಮ್ಮದು 20ಕ್ಕೆ ಇಳಿಯುವುದೇ ಕಷ್ಟ. ಡಾಂಬರು ರಸ್ತೆಯೇ ನಮ್ಮ ಕಣ. ರಾತ್ರಿ ಮೋಡ ಕಂಡರೆ ಮನೆಮಂದಿಯೆಲ್ಲ ತಾಡಪಾಲು ಹಿಡಿದು ಓಡುತ್ತೇವೆ. ಊರಿಗೊಂದು ಒಣಗಿಸುವ ಯಂತ್ರ, ಒಂದು ಗೋದಾಮು ಕೊಡಲಿ. ನಾಲ್ಕು ತಿಂಗಳು ಇಟ್ಟು ಮಾರುವ ಶಕ್ತಿ ನಮಗೆ ಬಂದರೆ ನಿಮಗೂ ವರ್ಷವಿಡೀ ಒಂದೇ ದರದಲ್ಲಿ ಜೋಳ ಸಿಗುತ್ತದೆ.

ಪಕ್ಕದ ಮನೆಯವನು

ನನ್ನ ಮಾತು ಕೆಲವರಿಗೆ ಬೇಸರ ತರಬಹುದು. ನನ್ನ ಮನೆಯಿಂದ 150 ಮೀಟರಿಗೆ ಲೇಯರ್ ಫಾರಂ ಇದೆ. ಮಳೆ ಬಂದ ವಾರ ಊಟಕ್ಕೆ ಕೂತರೆ ಅನ್ನದ ಮೇಲೆ ನೊಣ. ಅಮ್ಮ ಸೊಳ್ಳೆಪರದೆಯೊಳಗೆ ಕೂತು ಊಟ ಮಾಡುತ್ತಾರೆ. ಪಂಚಾಯ್ತಿಗೆ ಮೂರು ಸಲ ಅರ್ಜಿ ಕೊಟ್ಟೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಮಾರ್ಗಸೂಚಿಯಲ್ಲಿ ಜನವಸತಿಯಿಂದ 500 ಮೀಟರ್ ಅಂತ ಇದೆಯಲ್ಲ? ರೈತರ ಕಷ್ಟ ನನಗೂ ಅರ್ಥವಾಗುತ್ತದೆ. ನಮ್ಮ ಕಷ್ಟವೂ ಕಷ್ಟವೇ.

ನಿವೃತ್ತ ಪಶುವೈದ್ಯ

ನಿಮ್ಮದು ನ್ಯಾಯವಾದ ದೂರು. ಮಾರ್ಗಸೂಚಿಯಲ್ಲಿ ಜನವಸತಿಯಿಂದ 500 ಮೀಟರ್, ಕೆರೆ ಹೊಳೆಯಿಂದ 100 ಮೀಟರ್ ಅಂತ ಇದೆ. 2020ರಲ್ಲಿ ಹಸಿರು ನ್ಯಾಯಮಂಡಳಿ ಸಣ್ಣ ಫಾರಂಗಳನ್ನು ಹೊರಗಿಟ್ಟಿದ್ದನ್ನು ಪ್ರಶ್ನಿಸಿದ ಮೇಲೆ ಬಿಗಿ ಹೆಚ್ಚಿತು. ಈಗ 5,000 ಕೋಳಿಯ ಮೇಲಿನ ಫಾರಂ ಕೂಡ ಲೆಕ್ಕಕ್ಕೆ ಬರುತ್ತದೆ.

ಅಳತೆ ಮಾತ್ರ ನೋಡಿದರೆ ಎರಡು ಕಡೆಯೂ ಸೋಲುತ್ತದೆ. ಎಷ್ಟೋ ಶೆಡ್ ಕಟ್ಟಿದಾಗ ಸುತ್ತ ಬರೀ ಹೊಲ ಇತ್ತು. ಆಮೇಲೆ ಲೇಔಟ್ ಬಂತು. ಹಿಂದೆ ಕಟ್ಟಿದವನನ್ನು ಏಳು ಅನ್ನುವುದು ಸುಲಭ, ಎಲ್ಲಿಗೆ ಹೋಗಬೇಕು ಅಂತ ಹೇಳುವವರಿಲ್ಲ. ನೊಣ ಬರುವುದು ಹಸಿ ಗೊಬ್ಬರದಿಂದ. ಕೋಳಿ ನೀರು ಕುಡಿಯುವ ನಿಪ್ಪಲ್ ಸೋರುವುದು ನಿಲ್ಲಿಸಿ, ಪಂಜರದ ಕೆಳಗೆ ಸುಣ್ಣ ಹಾಕಿ ಒಣಗಿಸಿದರೆ ಮುಕ್ಕಾಲು ನೊಣ ಹೋಗುತ್ತದೆ. ಇದನ್ನು ನಾನು ನೂರು ಕಡೆ ನೋಡಿದ್ದೇನೆ. ದಂಡದ ನೋಟಿಸಿಗೆ ಮುಂಚೆ ಯಾರಾದರೂ ಹೋಗಿ ಇದನ್ನು ಮಾಡಿ ತೋರಿಸಬೇಕು. ಆ ಕೆಲಸಕ್ಕೆ ಇಲಾಖೆಯಲ್ಲಿ ಜನ ಕಡಿಮೆ.

ಔಷಧಿ ಬಗ್ಗೆಯೂ ಒಂದು ಮಾತು. ಕೊಲಿಸ್ಟಿನ್ ಅನ್ನು 2019ರ ಜುಲೈನಲ್ಲೇ ಕೋಳಿಗೆ ನಿಷೇಧಿಸಿದ್ದಾರೆ. ಮನುಷ್ಯನಿಗೆ ಬೇರೆ ಯಾವ ಔಷಧಿಯೂ ಹತ್ತದಿದ್ದಾಗ ಕೊಡುವ ಔಷಧಿ ಅದು. ಸೂಪರ್‌ವೈಸರ್ ತಂದುಕೊಟ್ಟ ಪೊಟ್ಟಣ ಏನು ಅಂತ ಓದದೆ ನೀರಿಗೆ ಹಾಕಬೇಡಿ. ಹೆಸರಿಲ್ಲದ ಪೊಟ್ಟಣ ವಾಪಸ್ ಕೊಡಿ.

ಊರಿಗೆ ವಾಪಸ್

ಹಾಗಾದರೆ ಶೆಡ್ ಹಾಕಲೇಬಾರದಾ? ನೇರವಾಗಿ ಹೇಳಿ.

ಶಿಡ್ಲಘಟ್ಟದ ಶೆಡ್

ಹಾಕಬೇಡಿ ಅನ್ನುವುದಿಲ್ಲ. ನನಗೆ ಯಾರೂ ಹೇಳದ್ದನ್ನು ನಿಮಗೆ ಹೇಳುತ್ತೇನೆ. 10,000 ಬೇಡ, ಅರ್ಧದಿಂದ ಶುರು ಮಾಡಿ. ಶೆಡ್ಡಿನ ಉದ್ದ ಪೂರ್ವ ಪಶ್ಚಿಮಕ್ಕೆ ಇರಲಿ, ಬಿಸಿಲು ಪಕ್ಕದಿಂದ ಒಳಗೆ ಬರಲ್ಲ. ಅಗಲ 30 ಅಡಿ ದಾಟಿದರೆ ಗಾಳಿ ನಡುವಿಗೆ ತಲುಪಲ್ಲ. ನನ್ನದು 34 ಅಡಿ, ಪ್ರತಿ ಬೇಸಿಗೆಯೂ ಅದರ ದಂಡ ಕಟ್ಟುತ್ತಿದ್ದೇನೆ. ಪೂರ್ತಿ ಮುಚ್ಚಿದ ಎಸಿ ಶೆಡ್ ಹಾಕಿಸಿ ಅಂತ ಈಗ ಎಲ್ಲರೂ ಬೆನ್ನು ಹತ್ತುತ್ತಾರೆ. ಸೆಕೆಗೆ ಅದು ಒಳ್ಳೆಯದೇ. ಆದರೆ ಕರೆಂಟು ಹೋಗಿ ಜನರೇಟರ್ ಏಳದಿದ್ದರೆ ಅರ್ಧ ಗಂಟೆಯಲ್ಲಿ ಇಡೀ ಬ್ಯಾಚು ಹೋಗುತ್ತದೆ. ಸಾಲವೂ ಬಹಳ ಹೆಚ್ಚು.

ಮತ್ತೆ, ಊರಿನ ಎಲ್ಲ ಆದಾಯವನ್ನೂ ಕೋಳಿಗೆ ಕಟ್ಟಬೇಡಿ. 2020ರ ಮಾರ್ಚ್ ನೆನಪಿಡಿ. ಚಿಕನ್ ತಿಂದರೆ ಕೊರೊನಾ ಬರುತ್ತದೆ ಅಂತ ಮೊಬೈಲಿನಲ್ಲಿ ಒಂದು ಸುಳ್ಳು ಓಡಿತು. ಗೋಕಾಕ ಕಡೆ ರೈತರೊಬ್ಬರು ಸಾವಿರಾರು ಕೋಳಿಗಳನ್ನು ಗುಂಡಿ ತೋಡಿ ಮುಚ್ಚಿದ್ದನ್ನು ಎಲ್ಲರೂ ನೋಡಿದ್ದೀರಿ. ಆ ಕೋಳಿಗಳಿಗೆ ಯಾವ ಕಾಯಿಲೆಯೂ ಇರಲಿಲ್ಲ.

ಎಲ್ಲಕ್ಕಿಂತ ಮೊದಲು ಒಪ್ಪಂದ ಓದಿ. ಮರಿ ಇಳಿಸುವುದು ಇಷ್ಟು ದಿನಕ್ಕಿಂತ ತಡವಾದರೆ ಶೆಡ್ ಬಾಡಿಗೆ ಇಷ್ಟು ಅನ್ನುವ ಸಾಲು ಇದೆಯಾ ನೋಡಿ. ಇಲ್ಲದಿದ್ದರೆ ಬರೆಸಿ.

ಲೆಕ್ಕ ಪುಸ್ತಕ

ಆ ಸಾಲನ್ನು ಒಬ್ಬೊಬ್ಬರೇ ಕೇಳಿದರೆ ಬೇರೆ ಊರಿಗೆ ಹೋಗುತ್ತಾರೆ. ಅದಕ್ಕೇ ಕಾಯ್ದೆ ಬೇಕು. 2018ರಲ್ಲಿ ಕೇಂದ್ರ ಒಂದು ಮಾದರಿ ಒಪ್ಪಂದ ಕೃಷಿ ಕಾಯ್ದೆ ಮಾಡಿ ರಾಜ್ಯಗಳಿಗೆ ಕಳಿಸಿತು. ಅದರಲ್ಲಿ ಜಾನುವಾರೂ ಸೇರಿತ್ತು. 2019ರಲ್ಲಿ ತಮಿಳುನಾಡು ತನ್ನದೇ ಕಾಯ್ದೆ ತಂದಿತು. 2020ರ ಕೇಂದ್ರದ ಕಾಯ್ದೆ ಬಂದು, ಹೋರಾಟವಾಗಿ, 2021ರಲ್ಲಿ ಹಿಂದಕ್ಕೆ ಹೋಯಿತು. ಆ ಗಲಾಟೆಯಲ್ಲಿ ಕೋಳಿ ಸಾಕುವವರ ಒಪ್ಪಂದದ ಪ್ರಶ್ನೆ ಪೂರ್ತಿ ಮರೆತುಹೋಯಿತು.

ನಾವು ಕೇಳಬೇಕಾದದ್ದು ದೊಡ್ಡದೇನಲ್ಲ. ಒಪ್ಪಂದ ಕನ್ನಡದಲ್ಲಿರಲಿ, ಒಂದು ಪ್ರತಿ ಸಾಕುವವರ ಕೈಯಲ್ಲಿರಲಿ. ಖಾಲಿ ಚೆಕ್ ಬೇಡ. ಫೀಡ್, ಕರೆಂಟು, ಕೂಲಿ ಏರಿದ ಹಾಗೆ ಸಾಕಣೆ ಕೂಲಿಯೂ ವರ್ಷಕ್ಕೊಮ್ಮೆ ಏರಲಿ. ಬಿಸಿಲಿನ ಸಾವಿಗೆ ಕಡಿತ ಬೇಡ. ಹಕ್ಕಿಜ್ವರದ ಪರಿಹಾರದಲ್ಲಿ ಸಾಕುವವರಿಗೆ ಒಂದು ಪಾಲು, ಖಾಲಿ ಶೆಡ್ಡಿಗೆ ದಿನದ ಲೆಕ್ಕ.

ತಿಪಟೂರು ಅಕ್ಕ

ಇದನ್ನೇ ಒಂದು ಹಾಳೆಯಲ್ಲಿ ಬರೆದು ಕೊಡಿ. ನಮ್ಮ ಸುತ್ತ 14 ಶೆಡ್ ಇವೆ. ಎಲ್ಲರ ಸಹಿ ನಾನು ಹಾಕಿಸುತ್ತೇನೆ. ಹೆಂಗಸರ ಸಹಿಯೂ ಇರಬೇಕು. ಶೆಡ್ಡಿನ ಕೆಲಸ ಮಾಡುವವರು ನಾವೇ, ಕಾಗದದಲ್ಲಿ ಮಾತ್ರ ನಾವಿಲ್ಲ.

ಶಿಡ್ಲಘಟ್ಟದ ಶೆಡ್

ಬರೆದು ಇಲ್ಲೇ ಹಾಕುತ್ತೇನೆ ಅಕ್ಕ. ನಮ್ಮ ಕಡೆಯಿಂದ 20 ಸಹಿ ತರುವುದು ನನ್ನ ಹೊಣೆ.

ರಾಣೆಬೆನ್ನೂರು ಗೋವಿನಜೋಳ

ಹೊಸಪೇಟೆಯವರೇ, ನಮ್ಮ ರೈತ ಗುಂಪಿನಲ್ಲಿ 60 ಜನ ಇದ್ದೇವೆ. ತೇವ ಅಳೆಯುವ ಮೀಟರ್ ಒಂದು ತಂದಿದ್ದೇವೆ. ಈ ಸಲ ಎರಡು ಲೋಡ್ ನೇರ ಕಳಿಸಿ ನೋಡೋಣವಾ?

ಹೊಸಪೇಟೆ ಲೇಯರ್

ಕಳಿಸಿ. ಎರಡಲ್ಲ, ನಾಲ್ಕು.

ತಿಪಟೂರು ಅಕ್ಕ

ಹದಿನೈದು ದಿನದ ಮೇಲೆ ಬರೆಯುತ್ತಿದ್ದೇನೆ. ಮರಿ ಗಾಡಿ ಗೇಟಿಗೆ ಬಂದಾಗ ಮೊದಲು ಒಪ್ಪಂದದ ಕನ್ನಡ ಪ್ರತಿ ಕೊಡಿ, ಆಮೇಲೆ ಇಳಿಸಿ ಅಂದೆ. ಸೂಪರ್‌ವೈಸರ್ ಫೋನ್ ಮಾಡಿದರು, ಮಾತಾಡಿದರು. ತಿಂಗಳೊಳಗೆ ಕೊಡುತ್ತೇವೆ ಅಂತ ಡೆಲಿವರಿ ಚೀಟಿಯ ಹಿಂದೆ ಬರೆದು ಸಹಿ ಮಾಡಿದ್ದಾರೆ. ಫೋಟೋ ತೆಗೆದು ಇಟ್ಟಿದ್ದೇನೆ. ಚೆಕ್ ಇನ್ನೂ ವಾಪಸ್ ಬಂದಿಲ್ಲ. ಮರಿಗಳಿಗೆ ಇವತ್ತು ಎರಡನೇ ದಿನ. ಬ್ರೂಡರ್ ಕೆಳಗೆ ಒಂದೇ ಕಡೆ ಗುಂಪಾಗದೆ ಹರಡಿಕೊಂಡು ಮಲಗಿವೆ. ಕಾವು ಸರಿಯಾಗಿದೆ.